ತಮ್ಮನ ಸರದಿಗೆ ಹಾಕಿಸಿದ ಗಟ್ಟಿ ಸ್ಪ್ರಿಂಗ್

ನನಗೂ ನನ್ನ ತಮ್ಮನಿಗೂ ಸೇರಿ ಒಂದೇ ಮೋಟಾರ್‌ಸೈಕಲ್. ಇಬ್ಬರಿಗೂ ಮದುವೆಯಾಗುವ ಮುಂಚೆ, ತ್ಯಾಗರಾಜನಗರದ ಬಾಡಿಗೆ ಮನೆಯಲ್ಲಿ ಅಮ್ಮನ ಜೊತೆ ಇದ್ದಾಗ ಅರ್ಧರ್ಧ ಹಾಕಿ ಕೊಂಡದ್ದು. ಎರಡು ಸೈಲೆನ್ಸರಿನ, ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕಾದ ಹಳೇ ಕಾಲದ ಗಾಡಿ. ಬೇರೆ ಬೇರೆ ಮನೆ ಮಾಡುವಾಗ ಪಾತ್ರೆ, ಮಂಚ, ದೇವರ ಪಟ ಎಲ್ಲವನ್ನೂ ಹಂಚಿಕೊಂಡೆವು. ಗಾಡಿಯನ್ನು ಮಾತ್ರ ಕುಯ್ಯುವ ಹಾಗಿರಲಿಲ್ಲ. ಅಮ್ಮನೇ ತೀರ್ಮಾನ ಮಾಡಿದಳು: ಯುಗಾದಿಯಿಂದ ಆಯುಧಪೂಜೆಯವರೆಗೆ ದೊಡ್ಡವನ ಸರದಿ, ಆಯುಧಪೂಜೆಯಿಂದ ಯುಗಾದಿಯವರೆಗೆ ಚಿಕ್ಕವನ ಸರದಿ. ಅಮ್ಮ ಹೋಗಿ ಎಷ್ಟೋ ವರ್ಷವಾದರೂ ಆ ಕ್ರಮ ತಪ್ಪಿರಲಿಲ್ಲ. ಮಳೆಗಾಲವೆಲ್ಲ ನನ್ನ ಪಾಲಿಗೆ ಬಂತು, ಚಳಿಗಾಲದ ಒಣ ರಸ್ತೆ ಅವನ ಪಾಲಿಗೆ. ಇದನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡೇ ಇದ್ದೆ ಎಂಬುದು ಈಗ ಬರೆಯುವಾಗ ತಿಳಿಯುತ್ತಿದೆ.

ನಾನು ಎಸ್‌ಎಸ್‌ಎಲ್‌ಸಿ ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಬಟ್ಟೆ ಅಂಗಡಿ ಸೇರಿದವನು. ಸೀರೆ ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು. ಆಯಸ್ಸೆಲ್ಲ ಕೌಂಟರಿನ ಹಿಂದೆ ನಿಂತೇ ಕಳೆಯಿತು. ತಮ್ಮ ನನಗಿಂತ ಹೆಚ್ಚು ಓದಿ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾದ. ನಾನು ದಪ್ಪ. ಅವನು ಬೆತ್ತದ ಹಾಗೆ, ಈಗಲೂ ಹೊಟ್ಟೆ ಬೆನ್ನಿಗೆ ಅಂಟಿಕೊಂಡಿದೆ. ನಿವೃತ್ತಿಯ ನಂತರ ನಾನಿರುವುದು ಬನಶಂಕರಿ ಎರಡನೇ ಹಂತದಲ್ಲಿ, ಹೆಂಡತಿಯ ಜೊತೆ. ಅವನ ಹೆಂಡತಿ ತೀರಿಕೊಂಡಿದ್ದಾಳೆ. ಮಗಳ ಮನೆಯಲ್ಲಿ, ವಿಲ್ಸನ್ ಗಾರ್ಡನ್ನಿನಲ್ಲಿ ಇದ್ದಾನೆ.

ಕೆಲಸ ಬಿಟ್ಟಮೇಲೆ ನನಗೊಂದು ರೋಗ ಹತ್ತಿತು. ಕೂತಲ್ಲಿ ಕೂರಲಾರೆ. ಪೇಪರು ಅರ್ಧ ಓದಿ ಎದ್ದು ಗೇಟಿಗೆ ಹೋಗುತ್ತೇನೆ, ಗೇಟಿನಿಂದ ಬಂದು ಮತ್ತೆ ಪೇಪರು ಹಿಡಿಯುತ್ತೇನೆ. ಗಾಡಿ ಇದ್ದ ತಿಂಗಳುಗಳಲ್ಲಿ ಇದಕ್ಕೆ ಮದ್ದು ಇತ್ತು. ಕಿಕ್ ಹೊಡೆದು ಉತ್ತರಹಳ್ಳಿ ಕಡೆಗೋ ಕನಕಪುರ ರಸ್ತೆಗೋ ಹೋಗಿ, ಎಲ್ಲಾದರೂ ಟೀ ಕುಡಿದು ಬಂದರೆ ಒಂದು ಹೊತ್ತು ಸಮಾಧಾನ. ಗಾಡಿ ತಮ್ಮನ ಮನೆಗೆ ಹೋದ ಮೇಲೆ ಬಸ್ಸು ಹತ್ತಿ ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ ಬಂದ ದಿನಗಳೂ ಇವೆ. ಕಂಡಕ್ಟರು ಒಮ್ಮೆ, "ಏನ್ ಅಂಕಲ್, ಚೆಕಿಂಗಾ?" ಎಂದು ಕೇಳಿದ್ದ.

ವರ್ಷ ಹೋದಂತೆ ಆಯುಧಪೂಜೆ ಹತ್ತಿರ ಬರುವುದೆಂದರೆ ನನಗೆ ಆಗದಂತಾಯಿತು. ತಮ್ಮನನ್ನು ಕೇಳಿದ್ದರೆ ಗಾಡಿ ಬಿಟ್ಟುಕೊಡುತ್ತಿದ್ದ, ಅದು ನನಗೆ ಗೊತ್ತಿತ್ತು. ಆದರೆ ಅಣ್ಣನಾಗಿ ತಮ್ಮನ ಮುಂದೆ ಕೈಚಾಚುವುದು ಹೇಗೆ? ಕೇಳಿದರೆ ಅವನು ನಗುತ್ತಾನೆ. "ತಗೊಳ್ಳಣ್ಣ, ಅದಕ್ಕೇನು" ಎನ್ನುತ್ತಾನೆ. ಆ ನಗು ನನಗೆ ಬೇಡವಾಗಿತ್ತು.

ಕಳೆದ ವರ್ಷದ ಮಳೆಗಾಲದಲ್ಲಿ ಗಾಡಿಯ ಮುಂಭಾಗ ಕುಸಿಯತೊಡಗಿತು. ಬ್ರೇಕ್ ಹಿಡಿದರೆ ಮೂತಿ ನೆಲಕ್ಕೆ ಬಗ್ಗುತ್ತಿತ್ತು, ಹಂಪ್ ಬಂದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಹಳೇ ಗಾಡಿಗಳನ್ನೇ ಮಾಡುವ ಒಬ್ಬ ಮೆಕ್ಯಾನಿಕ್ ಇದ್ದಾನೆ. ಅವನ ಹತ್ತಿರ ಒಯ್ದೆ. ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳಿಗೆ ಫೋರ್ಕ್ ಎನ್ನುತ್ತಾರೆ; ಒಳಗೆ ಉದ್ದನೆಯ ಸ್ಪ್ರಿಂಗುಗಳು, ಸುತ್ತ ಆಯಿಲ್. ಅವನು ಮೇಲಿನ ಬಿರಡೆ ಬಿಚ್ಚಿ ಸ್ಪ್ರಿಂಗ್ ಎಳೆದಾಗ ಕಪ್ಪು ಎಣ್ಣೆ ತೊಟ್ಟಿಕ್ಕಿತು. ಹೊಸ ಸ್ಪ್ರಿಂಗ್ ಒಂದನ್ನು ಪಕ್ಕದಲ್ಲಿಟ್ಟು ತೋರಿಸಿದ. ಹಳೆಯದು ಗಿಡ್ಡವಾಗಿತ್ತು.

"ಕೂತು ಕೂತು ಕುಗ್ಗೋಗಿದೆ ಯಜಮಾನ್ರೆ. ನಿಮ್ ತಪ್ಪಲ್ಲ ಬಿಡಿ, ನಿಮ್ ವೇಟಿಂದು," ಎಂದ.

"ಅದಕ್ಕೇನಾದ್ರೂ ಇದ್ರೆ ಹಾಕಪ್ಪ."

ಅವನು ಇನ್ನೊಂದು ಜೊತೆ ತಂದ. ತಂತಿ ದಪ್ಪ, ಸುರುಳಿ ಬಿಗಿ. ಯಾರೋ ಹೇಳಿ ಮಾಡಿಸಿಕೊಂಡು ಬಿಟ್ಟುಹೋದದ್ದಂತೆ. "ಇದು ನಿಮ್ಮಂಥೋರಿಗೆ. ಇನ್ಮೇಲೆ ಹಂಪು ನಿಮ್ಮನ್ನ ನೋಡಿ ಹೆದ್ರಬೇಕು. ಆದ್ರೆ ಒಂದು, ಮನೇಲಿ ತೆಳ್ಳಗಿರೋರು ಯಾರಾದ್ರೂ ಓಡಿಸ್ತಾರಾ? ಅವರಿಗೆ ಇದು ಬಗ್ಗಲ್ಲ. ಮುಂದೆ ಎಗರಿ ಎಗರಿ ಬೀಳ್ತದೆ, ಕೈ ನೋವು ಬರ್ತದೆ."

ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ರಿಪೇರಿಗೆ ಬಂದವನು, ಅಷ್ಟೆ. ಆ ಮಾತು ಕೇಳಿದ ಮೇಲೆ ಎದ್ದು ಗ್ಯಾರೇಜಿನ ಬಾಗಿಲಿನವರೆಗೆ ಹೋಗಿ ಬಂದೆ. ತಮ್ಮ ಒಂದು ವಾರ ಓಡಿಸಿದರೆ ಸಾಕಾಗಿಹೋಗುತ್ತದೆ, ನೀನೇ ಇಟ್ಟುಕೋ ಎಂದು ತಾನೇ ತಂದು ನಿಲ್ಲಿಸುತ್ತಾನೆ, ನಾನು ಬಾಯಿಬಿಟ್ಟು ಕೇಳಬೇಕಾಗಿಲ್ಲ ಎಂದು ಲೆಕ್ಕ ಹಾಕಿದೆ.

"ಬೇರೆ ಯಾರೂ ಇಲ್ಲ. ನಾನೊಬ್ನೇ ಓಡ್ಸೋದು," ಎಂದೆ.

"ಹಂಗಾದ್ರೆ ಹಾಕ್ಬಿಡಣ," ಎಂದು ಅವನು ಸ್ಪ್ಯಾನರ್ ಎತ್ತಿಕೊಂಡ.

ತಮ್ಮ ಬೀಳಲಿ ಎಂದು ನಾನು ಬಯಸಿರಲಿಲ್ಲ. ಅವನಿಗೆ ಬೇಸರವಾಗಲಿ ಎಂದು ಬಯಸಿದೆ. ಇವೆರಡರ ನಡುವೆ ಬಹಳ ಅಂತರ ಇದೆ ಎಂದು ಆಗ ಅಂದುಕೊಂಡಿದ್ದೆ.

ಆಯುಧಪೂಜೆಯ ದಿನ ಎಂದಿನಂತೆ ಬೆಳಿಗ್ಗೆಯೇ ತಮ್ಮ ಬಂದ. ಗಾಡಿ ತೊಳೆದು, ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ನನ್ನ ಹೆಂಡತಿ ಬೂದುಗುಂಬಳ ನಿವಾಳಿಸಿ ದೃಷ್ಟಿ ತೆಗೆದಳು. ಅವನು ಸೀಟಿನ ಮೇಲೆ ಕಾಲು ಹಾಕುವಾಗ ಎಂದಿನ ಕೀಟಲೆ: "ನಿನ್ ಕೈಲಿ ಆರು ತಿಂಗಳಿದ್ರೆ ಸಾಕಣ್ಣ, ಗಾಡಿ ಒಂದಿಂಚು ಕೆಳಗಿಳಿದಿರ್ತದೆ. ಅತ್ತಿಗೆ, ಇವನಿಗೆ ರಾತ್ರಿ ಬರೀ ಗಂಜಿ ಹಾಕಿ."

"ನನ್ ಮಾತೆಲ್ಲಿ ಕೇಳ್ತಾರೆ. ನೀವೇ ನಾಕು ಬಸ್ಕಿ ಹೊಡೆಸಿ," ಎಂದಳು ಅವಳು.

ಅವನು ಕೂತ. ಮುಂಭಾಗ ಒಂದಿಷ್ಟೂ ಇಳಿಯಲಿಲ್ಲ. ಅವನು ಗಮನಿಸಲಿಲ್ಲ, ನಾನು ಗಮನಿಸಿದೆ. ನಿಂಬೆಹಣ್ಣು ಪಚ್ ಎಂದು ಒಡೆದು ಗಾಡಿ ಗೇಟು ದಾಟಿ ಹೋಯಿತು.

ಕೆಲವು ದಿನಗಳಾದ ಮೇಲೆ ಫೋನ್ ಬಂತು. "ಅಣ್ಣ, ಮುಂದೆ ಯಾಕೋ ಕುದುರೆ ಥರ ಎಗರ್ತದಲ್ಲ. ಏನಾದ್ರೂ ಕೆಲಸ ಮಾಡ್ಸಿದ್ಯಾ?"

ಹೇಳಲು ಅದೇ ಸಮಯ. ಸ್ಪ್ರಿಂಗ್ ಬದಲಾಯಿಸಿದೆ, ನಿನಗೆ ಗಟ್ಟಿಯಾಗುತ್ತದೆ ಎಂದಿದ್ದರೆ ಅವನು ಬೈದು ನಕ್ಕು ಸುಮ್ಮನಾಗುತ್ತಿದ್ದ. ನಾನು ಹೇಳಿದ್ದು ಬೇರೆ. "ಏನೂ ಮಾಡ್ಸಿಲ್ವಲ್ಲೋ. ಟೈರಿಗೆ ಗಾಳಿ ಜಾಸ್ತಿ ಆಗಿರ್ಬೇಕು, ಕಮ್ಮಿ ಮಾಡ್ಸು."

ಪಾಪ, ಕಮ್ಮಿ ಮಾಡಿಸಿದ. ಟೈರು ಮೆತ್ತಗಾಗಿ ಗಾಡಿ ಅತ್ತಿತ್ತ ಓಲಾಡತೊಡಗಿತು. ಮತ್ತೆ ಫೋನ್ ಮಾಡಿದಾಗ ದನಿಯಲ್ಲಿ ಕೀಟಲೆ ಇರಲಿಲ್ಲ. "ಗಾಳಿ ತೆಗ್ಸಿದ್ರೂ ಸರಿ ಹೋಗ್ಲಿಲ್ಲ ಕಣಣ್ಣ. ಗಾಡಿಲಿ ಏನೂ ಇಲ್ಲ ಅಂತೀಯ. ನನ್ ಕೈಯೇ ನಡುಗ್ತದೋ ಏನೋ."

"ವಯಸ್ಸಾಯ್ತಲ್ಲೋ," ಎಂದೆ.

ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದದ್ದು ಸ್ಪ್ರಿಂಗಿಗಿಂತ ಹೆಚ್ಚಾಗಿ ಈ ಮಾತನ್ನು. ಹೇಳುವಾಗ ನನಗೆ ಖುಷಿಯಾಯಿತು.  ಅವನು, "ಹ್ಞೂಂ, ಅದೂ ಇರ್ಬಹುದು" ಎಂದು ಫೋನ್ ಇಟ್ಟ.

ಚಳಿ ಶುರುವಾದ ಮೇಲೆ ಒಂದು ಬೆಳಿಗ್ಗೆ ಅವನ ಮಗಳು ಫೋನ್ ಮಾಡಿದಳು. ಅವರ ಮನೆಯ ಹತ್ತಿರದ ತಿರುವಿನಲ್ಲಿ, ಕಿತ್ತುಹೋದ ಹಂಪ್ ಮೇಲೆ ಗಾಡಿ ಎಗರಿ ಅಪ್ಪ ಬಿದ್ದರು, ಮಣಿಕಟ್ಟು ಮುರಿದಿದೆ ಎಂದಳು. ಆಸ್ಪತ್ರೆಗೆ ಹೋದೆ. ಕೈಗೆ ಪಟ್ಟಿ ಕಟ್ಟಿ ಕೂರಿಸಿದ್ದರು. ಡಾಕ್ಟರು ಹೇಗೆ ಬಿದ್ದಿರಿ ಎಂದು ಕೇಳಿದರು.

"ಗೊತ್ತಾಗ್ಲಿಲ್ಲ ಸಾರ್. ಗಾಡಿಲಿ ಏನೂ ತೊಂದ್ರೆ ಇಲ್ಲ, ಅಣ್ಣ ಚೆನ್ನಾಗಿ ಇಟ್ಕೊಂಡಿರ್ತಾನೆ," ಎಂದ ತಮ್ಮ, ನನ್ನ ಕಡೆ ಕೈ ತೋರಿಸಿ. "ನಂಗೇ ತಲೆ ಸುತ್ತಿರ್ಬೇಕು."

ನಾನು ಗೋಡೆಗೆ ಅಂಟಿಸಿದ್ದ ಚಾರ್ಟ್ ನೋಡುತ್ತ ನಿಂತಿದ್ದೆ. ತಲೆ ಸುತ್ತು ಎಂದದ್ದೇ ತಡ, ಅದಕ್ಕೆ ಬೇರೆ ಡಾಕ್ಟರು, ಸ್ಕ್ಯಾನು, ಕಿವಿ ಪರೀಕ್ಷೆ. ಯಾವುದರಲ್ಲೂ ಏನೂ ಸಿಗಲಿಲ್ಲ. ಸಿಗಲಿಲ್ಲ ಎನ್ನುವುದೇ ಮನೆಯವರಿಗೆ ಇನ್ನೂ ಭಯ ಹುಟ್ಟಿಸಿತು. ಹುಷಾರಾಗಿರಲಿ, ಒಬ್ಬರೇ ಓಡಾಡುವುದು ಬೇಡ ಎಂದು ಡಾಕ್ಟರು ಹೇಳಿ ಕಳಿಸಿದರು.

ಗಾಡಿಯ ಕೀಲಿಯನ್ನು ಅವನ ಮಗಳೇ ನನ್ನ ಕೈಗಿಟ್ಟಳು. "ನೀವೇ ತಗೊಂಡ್ಹೋಗಿ ದೊಡ್ಡಪ್ಪ. ಇನ್ಮೇಲೆ ಇಲ್ಲಿಗೆ ಬೇಡ."

ತಮ್ಮ ಒಳಗಿನಿಂದಲೇ ಹೇಳಿದ: "ಹೌದು ಕಣಣ್ಣ, ನೀನೇ ಇಟ್ಕೊ. ನನ್ ಕೈಲಿ ಆಗಲ್ಲ."

ಬೇಕಾದದ್ದು ಬೇಕಾದ ಮಾತಿನಲ್ಲೇ ಸಿಕ್ಕಿತು. ಹೆಡ್‌ಲೈಟ್ ಒಡೆದಿತ್ತು, ಫುಟ್‌ರೆಸ್ಟ್ ಬಾಗಿತ್ತು. ಟೈರಿಗೆ ಗಾಳಿ ತುಂಬಿಸಿ, ಹಾಗೇ ಓಡಿಸಿಕೊಂಡು ಬಂದೆ. ಲಾಲ್‌ಬಾಗಿನ ಗೋಡೆ ಬಳಸಿ, ಸೌತ್ ಎಂಡ್ ದಾಟಿ ಬರುವಾಗ ನನ್ನ ಭಾರಕ್ಕೆ ಆ ಸ್ಪ್ರಿಂಗುಗಳು ಎಷ್ಟು ಹದವಾಗಿ ಬಗ್ಗಿ ಏಳುತ್ತಿದ್ದವೆಂದರೆ, ಹಂಪ್ ಬಂದದ್ದೇ ತಿಳಿಯುತ್ತಿರಲಿಲ್ಲ. ತಮ್ಮನ ಕೈ ಮುರಿದ ಗಾಡಿಯ ಮೇಲೆ ಕೂತು ನಾನು ಸುಖಪಟ್ಟೆ. ಮನೆಯ ತಿರುವು ಬಂದರೂ ತಿರುಗದೆ ಇನ್ನೊಂದು ಸುತ್ತು ಹೋಗಿ ಬಂದೆ.

ಆದರೆ ಆ ಸುಖ ಉಳಿಯಲಿಲ್ಲ. ಗಾಡಿ ಇದ್ದರೂ ಚಡಪಡಿಕೆ ಹೋಗಲಿಲ್ಲ, ಹೆಚ್ಚಾಯಿತು. ಕನಕಪುರ ರಸ್ತೆಗೆ ಹೊರಟವನು ಅರ್ಧಕ್ಕೆ ತಿರುಗಿ ಬರುತ್ತಿದ್ದೆ. ಟೀ ಹೇಳಿ ಕುಡಿಯದೆ ಏಳುತ್ತಿದ್ದೆ. ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಒಂದು ದಿನ ಕೇಳಿಯೇಬಿಟ್ಟಳು: "ಗಾಡಿ ಇಲ್ಲ ಅಂತ ಒದ್ದಾಡ್ತಿದ್ರಿ. ಬಂತಲ್ಲ. ಇನ್ನೇನು, ವಿಮಾನ ತರಿಸ್ಬೇಕಾ?" ನಾನು ಗೇಟಿನ ಕಡೆ ಹೋದೆ.

ತಮ್ಮನ ಕೈ ಕೂಡಿಕೊಂಡ ಮೇಲೆ ಒಂದು ಸಂಜೆ ನಾವಿಬ್ಬರೂ ಜಯನಗರದಲ್ಲಿ ಸಂಬಂಧಿಕರೊಬ್ಬರ ಮನೆಯ ನಾಮಕರಣಕ್ಕೆ ಹೋಗಿದ್ದೆವು. ಮಗಳು ಅವನನ್ನು ಆಟೋದಲ್ಲಿ ತಂದು ನನಗೆ ಒಪ್ಪಿಸಿ, ಅಂಗಡಿಯಲ್ಲೇನೋ ಕೆಲಸವಿದೆ, ಬೇಗ ಬರುತ್ತೇನೆ ಎಂದು ಹೋಗಿದ್ದಳು. ಊಟ ಮುಗಿಸಿ ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸ್ ಎದುರು ರಸ್ತೆ ದಾಟಬೇಕಿತ್ತು. ನಾನು ಕಾಲು ಮುಂದಿಟ್ಟೆ. ಹಿಂದಿನಿಂದ ಅವನು ನನ್ನ ಅಂಗಿಯ ತೋಳು ಹಿಡಿದುಕೊಂಡ. ಸಣ್ಣ ಮಕ್ಕಳು ಹಿಡಿಯುವ ಹಾಗೆ, ಬಟ್ಟೆಯನ್ನು ಮುಷ್ಟಿಯಲ್ಲಿ ಮುದುರಿ.

ಸ್ಕೂಲಿನ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗುವಾಗ ರಸ್ತೆ ಮಧ್ಯೆ ನಿಂತು ಸೀಟಿ ಊದಿ ಲಾರಿಗಳನ್ನು ನಿಲ್ಲಿಸುತ್ತಿದ್ದವನು ಅವನು. ನೋಡಿದ್ದೇನೆ.

"ಏನೋ ಇದು," ಎಂದೆ.

"ಇಲ್ಲ, ಮಧ್ಯದಲ್ಲಿ ಸುತ್ತು ಬಂದ್ಬಿಟ್ರೆ," ಎಂದ. ಬೇರೆ ಕಡೆ ನೋಡುತ್ತ.

ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ಮುಂದಿನ ವಾರವೆಲ್ಲ ಅವನ ಮನೆಗೆ ಹೊರಡುವುದು, ಬಸ್ ಸ್ಟಾಪಿನಿಂದ ಹಿಂತಿರುಗುವುದು ಇದೇ ಆಯಿತು. ಹೇಳಿದರೆ ಗಾಡಿ ಹೋಗುತ್ತದೆ ಎಂಬ ಭಯ ಅಷ್ಟಾಗಿ ಇರಲಿಲ್ಲ, ಅದು ಆಗಲೇ ಬೇಡವಾಗಿತ್ತು. ಅವನ ಮುಂದೆ ನಾನು ಅಣ್ಣನಾಗಿ ಉಳಿಯುವುದಿಲ್ಲ ಎಂಬ ಭಯ. ಆದರೆ ಹೇಳದೆ ಹೋದರೆ ಅವನು ಸಾಯುವವರೆಗೂ ತನ್ನ ತಲೆಯ ಮೇಲೆ ತಾನೇ ನಂಬಿಕೆ ಇಡದೆ, ಯಾರದ್ದಾದರೂ ತೋಳು ಹಿಡಿದುಕೊಂಡೇ ಇರುತ್ತಾನೆ. ಕೊನೆಗೊಂದು ಬೆಳಿಗ್ಗೆ ಗಾಡಿ ಮುಟ್ಟದೆ, ಬಸ್ಸು ಹತ್ತಿ ವಿಲ್ಸನ್ ಗಾರ್ಡನ್ನಿನಲ್ಲಿ ಇಳಿದೆ.

ತಮ್ಮ ಹಾಲ್‌ನಲ್ಲಿ ಟಿವಿ ಮುಂದೆ ಕೂತಿದ್ದ. ಟಿವಿ ಆರಿತ್ತು. ನಾನು ಕೂರದೆ ನಿಂತೇ ಶುರುಮಾಡಿದೆ. ಸ್ಪ್ರಿಂಗ್ ಬದಲಾಯಿಸಿದ್ದು, ಮೆಕ್ಯಾನಿಕ್ ಎಚ್ಚರಿಸಿದ್ದು, ಗಾಳಿಯ ವಿಷಯ ಸುಳ್ಳು ಹೇಳಿದ್ದು. ಸೀರೆ ಬಿಚ್ಚಿ ಹಾಕುವ ಹಾಗೆ ಎಲ್ಲ ಬಿಚ್ಚಿದೆ.

ಅವನು ಕೇಳಿಸಿಕೊಂಡು, "ಮೆಕ್ಯಾನಿಕ್ ಕೇಳಿದಾಗ ಏನಂದೆ?" ಎಂದ.

"ನಾನೊಬ್ನೇ ಓಡ್ಸೋದು ಅಂದೆ."

"ಅಂದ್ರೆ ಗೊತ್ತಿದ್ದೇ."

"ಗೊತ್ತಿದ್ದೇ."

"ಆಮೇಲೆ ಫೋನಲ್ಲಿ, ವಯಸ್ಸಾಯ್ತು ಅಂದ್ಯಲ್ಲ."

"ಅಂದೆ ಕಣೋ."

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮಗಳನ್ನು ಕರೆದ. ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಈಗ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು. ಇವಳ ಮುಂದೆ," ಎಂದ ನನಗೆ. "ಮೊದಲಿಂದ."

ಅದು ಮೇಷ್ಟ್ರ ದನಿ. ಬಹಳ ತಿಂಗಳ ಮೇಲೆ ಕೇಳಿದ್ದು. ನಾನು ಮೊದಲಿನಿಂದ ಹೇಳಿದೆ. ಎರಡನೇ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟ. ಯಾವ ಮಾತು ಮುಂದೆ ಬರುತ್ತದೆಂದು ಗೊತ್ತಿರುತ್ತದೆ. ಒಂದೆಡೆ ಸ್ವಲ್ಪ ಹಾರಿಸಲು ನೋಡಿದೆ.

"ಗಾಳಿದು ಬಿಟ್ಟೆ," ಎಂದ ತಮ್ಮ.

ಅದನ್ನೂ ಹೇಳಿದೆ.

ಮುಗಿದ ಮೇಲೆ ಅವನು ಎದ್ದು ಬಾಗಿಲ ಹತ್ತಿರ ಹೋಗಿ ಬೂಟು ಹಾಕಿಕೊಳ್ಳತೊಡಗಿದ. ಮಗಳು, "ಅಪ್ಪ, ಇರಿ, ನಾನೂ ಬರ್ತೀನಿ" ಎಂದಳು.

"ಕೇಳಿಸ್ಲಿಲ್ವಾ ನಿನ್ ದೊಡ್ಡಪ್ಪ ಹೇಳಿದ್ದು? ನಂಗೇನೂ ಆಗಿಲ್ಲ."

ನಾನು ಎರಡು ಹೆಜ್ಜೆ ಮುಂದೆ ಬಂದೆ. "ನೀನಂತೂ ಬರ್ಲೇಬೇಡ," ಎಂದು ಮುಖ ನೋಡದೆ ಹೇಳಿ ಮೆಟ್ಟಿಲಿಳಿದು ಹೋದ.

ಹಾಲ್‌ನಲ್ಲಿ ನಾನು, ಅವಳು. ಅವಳು ಬಾಲ್ಕನಿಗೆ ಹೋಗಿ ರಸ್ತೆ ನೋಡಿ ಬಂದಳು. ಮತ್ತೆ ಹೋದಳು. ನಾನೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಒಂದು ಸಲ ಇಬ್ಬರೂ ಎದುರುಬದುರಾದಾಗ ಅವಳು ಮೆಲ್ಲಗೆ ಹೇಳಿದಳು: "ಬಾತ್‌ರೂಮ್ ಚಿಲಕ ಹಾಕ್ಕೊಳಕ್ಕೂ ಬಿಡ್ತಿರ್ಲಿಲ್ಲ ದೊಡ್ಡಪ್ಪ ನಾನು. ಒಳಗೆ ಬಿದ್ಬಿಟ್ರೆ ಅಂತ. ಹೊರಗೆ ನಿಂತ್ಕೊಂಡು ಮಾತಾಡಿಸ್ತಾ ಇರ್ತಿದ್ದೆ."

ನಾನು ಮತ್ತೆ ಕಿಟಕಿಯ ಕಡೆಗೆ ಹೋದೆ. 

ಅವನು ಬರಲು ಬಹಳ ಹೊತ್ತಾಯಿತು. ಅವಳು ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ಕೊನೆಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಅಂಗಿ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವೆತಿದ್ದ, ಮುಖ ಕೆಂಪಾಗಿತ್ತು. ಲಾಲ್‌ಬಾಗ್ ಒಳಗೆ ಹೋಗಿ ಬಂಡೆ ಹತ್ತಿ ಇಳಿದು ಬಂದೆ ಎಂದು ಮಗಳಿಗೆ ಹೇಳಿದ. ಆಮೇಲೆ ನನ್ನನ್ನು ನೋಡಿದ.

"ಇನ್ನೂ ಇದೀಯಾ?"

"ಹೊರಟೆ," ಎಂದೆ. "ಗಾಡಿ..."

"ಗಾಡಿ ಮಾತು ಇವತ್ತು ಎತ್ಬೇಡ. ನಾನೇ ಫೋನ್ ಮಾಡ್ತೀನಿ."

ಮಾರನೇ ದಿನ ಗಾಡಿಯನ್ನು ಮೆಕ್ಯಾನಿಕ್ ಹತ್ತಿರ ಒಯ್ದು ಆ ಗಟ್ಟಿ ಸ್ಪ್ರಿಂಗುಗಳನ್ನು ತೆಗೆಸಿದೆ. ಮುಂದೆ ಯಾವುದು ಹಾಕಲಿ ಎಂದು ಅವನು ಕೇಳಿದ. ತಮ್ಮ ಹೇಳಿದ ಮೇಲೆ ಎಂದೆ. "ತಮ್ಮ ಇದಾರಾ ನಿಮಗೆ?" ಎಂದು ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಗಾಡಿ ಅಲ್ಲೇ ಮೂಲೆಯಲ್ಲಿ, ಮುಂದಿನ ಚಕ್ರವಿಲ್ಲದೆ, ಮರದ ದಿಮ್ಮಿಯ ಮೇಲೆ ನಿಂತಿದೆ.

ಫೋನ್ ಇನ್ನೂ ಬಂದಿಲ್ಲ. ಅವನ ಮಗಳು ಮಾತ್ರ ನನ್ನ ಹೆಂಡತಿಯ ಹತ್ತಿರ ಮಾತಾಡುತ್ತಾಳೆ. ಅಪ್ಪ ಈಗ ದಿನಾ ಬೆಳಿಗ್ಗೆ ಒಬ್ಬರೇ ವಾಕಿಂಗ್ ಹೋಗುತ್ತಾರೆ, ಬೇಡ ಎಂದರೆ ರೇಗುತ್ತಾರೆ ಎಂದಳಂತೆ. ಅದನ್ನು ಹೆಂಡತಿ ನನಗೆ ಹೇಳಿದಾಗ ನಾನು ಗೇಟಿನ ಹತ್ತಿರ ಇದ್ದೆ. ಒಳಗೆ ಬಂದು ಇನ್ನೊಂದು ಸಲ ಹೇಳಿಸಿದೆ.